ಕೇಳದೆ ಕೊಟ್ಟದ್ದು

ಈ ಸಲದ ಪೂಜೆಯ ದ್ರಾಕ್ಷಾರಸ ಹುಳಿ, ಬಟ್ಟೆ ನೀರಿಗೆ ಬೀಳುತ್ತಲೇ ಮೂಗಿಗೆ ಬಡಿಯಿತು, ಎಲ್ಲಿಂದ ತರಿಸಿದರೋ ಏನೋ, ಬಟ್ಟಲು ಒರೆಸುವ ಪುಟ್ಟ ಬಟ್ಟೆಯ ನಡುವೆ ಕಂದುಗೆಂಪು ಗುರುತು, ಉಜ್ಜಿದಷ್ಟೂ ಹರಡುವ ಜಾತಿಯದು, ಅವಳು ಉಜ್ಜಲಿಲ್ಲ, ನೆನೆಯಲು ಬಿಟ್ಟಳು, ಹತ್ತು ವರ್ಷದಿಂದ ಚರ್ಚಿನ ಹಿಂದಿನ ಈ ನಲ್ಲಿಯ ಹತ್ತಿರ ಕೂತು ಬಲಿಪೀಠದ ಬಟ್ಟೆ ಒಗೆಯುತ್ತಿರುವವಳಿಗೆ ಕಲೆಗಳ ಸ್ವಭಾವ ಗೊತ್ತು — ಮೂರು ನೀರು, ಮೊದಲನೆಯದು ಮೋರಿಗೆ ಹೋಗಕೂಡದು, ಮಣ್ಣಿಗೇ ಹೋಗಬೇಕು, ಪ್ರಸಾದದ ಒಂದು ಕಣ ಉಳಿದಿದ್ದರೂ ಅದು ದೇವರ ಮೈ, ದೇವರ ಮೈ ಚರಂಡಿಯಲ್ಲಿ ಹರಿಯಬಾರದು, ಹಾಗಂತ ಮೊದಲ ದಿನವೇ ಹೇಳಿಕೊಟ್ಟಿದ್ದರು, ಸರಿ, ಅವಳು ಬಕೀಟು ಎತ್ತಿ ಗೋಡೆಯ ಬುಡದ ಮಣ್ಣಿಗೆ ಸುರಿದಳು, ಮಣ್ಣು ಗುಟುಕ್ ಅಂತ ಕುಡಿಯಿತು, ಆಗಲೇ ಆ ಪ್ರಶ್ನೆ ಬಂದದ್ದು, ಹತ್ತು ವರ್ಷದಲ್ಲಿ ಒಂದು ದಿನವೂ ಬಾರದ್ದು, ಹಾಗಾದರೆ ಆ ಮರಿಯಮ್ಮ ತನ್ನ ಮಗನ ಬಟ್ಟೆ ಒಗೆದ ನೀರನ್ನು ಎಲ್ಲಿ ಚೆಲ್ಲಿದಳು, ಅವನೂ ದೇವರೇ ತಾನೇ, ಎಳೆಗೂಸು ಉಚ್ಚೆ ಹೊಯ್ಯದೆ ಇರುತ್ತದೆಯೇ, ಅವಳೇನು ದಿನಕ್ಕೆ ಹತ್ತು ಸಲ ಗೋಡೆಯ ಬುಡ ಹುಡುಕಿಕೊಂಡು ಹೋದಳೇ, ಇಲ್ಲ, ಎಲ್ಲ ತಾಯಂದಿರ ಹಾಗೆ ಬಾಗಿಲಾಚೆ ಎತ್ತಿ ಸುರಿದಿರುತ್ತಾಳೆ, ಮತ್ತೆ ಒಳಗೆ ಹೋಗಿ ಒಲೆ ನೋಡಿರುತ್ತಾಳೆ. ನಗು ಬಂತು, ಆದರೆ ನಗು ಬಾಯಿಯ ತನಕ ಬಂದು ಕಹಿಯಾಯಿತು, ಇಂಥದ್ದನ್ನೇ ಬರೆದುಕೊಡಿ ಅಂದರೆ ಬರೆದುಕೊಡಬಹುದು ಫಾದರಿಗೆ.

ಬರೆಯಬೇಕಾದ ಕಾಗದ ಇಸ್ತ್ರಿ ಮೇಜಿನ ಮೇಲಿದೆ, ಮೂರು ಬಿಳಿ ಹಾಳೆ, ಒಂದು ಲಕೋಟೆ, ಭಾನುವಾರ ಪೂಜೆ ಮುಗಿದ ಮೇಲೆ ಫಾದರ್ ತಾವೇ ಬಂದು ಕೊಟ್ಟದ್ದು, ಅಮ್ಮಾ, ಮುಂದಿನ ವಾರದ ಶನಿವಾರ ಕನ್ಯಾಸ್ತ್ರೀಯರ ಮಠದಲ್ಲಿ ನಿಮ್ಮ ಮಗಳ ನಿತ್ಯವ್ರತ, ಸಾಯುವ ತನಕದ ಮಾತು ಕೊಡುವ ದಿನ, ನೀವೇ ಅವಳ ಕೈಹಿಡಿದು ಬಲಿಪೀಠದ ತನಕ ಕರೆದುಕೊಂಡು ಬರಬೇಕು, ಅದಕ್ಕೆ ಮೊದಲು ಈ ಗುರುವಾರ ಸಂಜೆ ನಮ್ಮ ತಾಯಂದಿರ ಸಂಘದಲ್ಲಿ ಐದು ನಿಮಿಷ ಮಾತಾಡಿ, ದಿನನಿತ್ಯದ ತಾಯ್ತನದಲ್ಲಿ ಮಾತೆ ಮರಿಯಮ್ಮನನ್ನು ನೀವು ಹೇಗೆ ಕಂಡಿರಿ ಅಂತ, ಬರೆದು ಇದರಲ್ಲಿ ಹಾಕಿ ನನ್ನ ಮೇಜಿನ ಮೇಲಿಡಿ, ತಪ್ಪಿದ್ದರೆ ತಿದ್ದಿಕೊಡುತ್ತೇನೆ. ಇವತ್ತೇ ಗುರುವಾರ. ಶನಿವಾರಕ್ಕೆ ಒಂಬತ್ತು ದಿನ. ಹೇಗೆ ಕಂಡೆ — ಕಂಡದ್ದು ಎಲ್ಲಿ, ಹೊಗೆ ಕಂಡೆ, ಜ್ವರ ಕಂಡೆ, ಎದೆ ಕಚ್ಚಿ ಗಾಯ ಮಾಡಿದ ಹಲ್ಲು ಕಂಡೆ, ಚರ್ಚಿನೊಳಗಿನ ಮರಿಯಮ್ಮನ ಪ್ರತಿಮೆಯ ನೀಲಿ ಮೇಲುವಸ್ತ್ರ ಒಗೆಯುವವಳೂ ಅವಳೇ, ವರ್ಷಕ್ಕೆರಡು ಸಲ, ಆಗೆಲ್ಲ ಏಣಿಯ ಮೇಲೆ ನಿಂತು ಆ ಮುಖವನ್ನು ಹತ್ತಿರದಿಂದ ನೋಡಿದ್ದಾಳೆ, ಒಂದು ಸುಕ್ಕಿಲ್ಲ, ಕಣ್ಣ ಕೆಳಗೆ ಕಪ್ಪಿಲ್ಲ, ಮಾಡಿದವನು ಹೆತ್ತವಳನ್ನು ನೋಡಿರಲಿಕ್ಕಿಲ್ಲ, ಹೆತ್ತು ಮೂರು ದಿನವಾದವಳ ಮುಖ ಹಾಗಿರುವುದಿಲ್ಲ ಅಂತ ಅವನ ಅಮ್ಮನಾದರೂ ಹೇಳಬೇಡವೇ.

ಎರಡನೆಯ ನೀರು, ಇದು ಮೋರಿಗೆ ಹೋದರೂ ನಡೆಯುತ್ತದೆ, ಬೆರಳ ಸಂದಿಯಲ್ಲಿ ಬಟ್ಟೆ ಹಿಂಡುವಾಗ ನೀರು ಮಣಿಕಟ್ಟಿನ ಮೇಲೆ ಹರಿದು ಮೊಣಕೈಗೆ ಇಳಿಯಿತು, ತಣ್ಣಗೆ, ಅಲ್ಲಿ ಒಂದು ಹನಿಯಾಗಿ ನಿಂತಿತು, ಅವಳು ಬೇಗ ಕೈ ಕೆಳಗಿಳಿಸಿದಳು, ಅದನ್ನು ನೋಡಲಾರಳು, ಆ ಹನಿ ಅವಳದಲ್ಲ, ಇಪ್ಪತ್ತೆರಡು ವರ್ಷದ ಹಿಂದಿನದು, ಐದು ವರ್ಷದ ಹುಡುಗಿಯದು. ಮಧ್ಯಾಹ್ನದ ಬಿಸಿಲು, ತಗಡಿನ ಮಾಡಿನ ಕೋಣೆ, ಐದು ತಿಂಗಳ ಗಂಡುಮಗು ತೊಟ್ಟಿಲಲ್ಲಿ ಕೆಂಡದ ಹಾಗೆ ಸುಡುತ್ತಿದೆ, ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿದೆ, ಡಾಕ್ಟರು ಕೈಚೆಲ್ಲಿ ಹೋಗಿ ಒಂದು ಗಂಟೆ, ಗಂಡ ಬಸ್ ಡಿಪೋದಲ್ಲಿ ಯಾವುದೋ ಬಸ್ಸಿನ ಕೆಳಗೆ ಮಲಗಿ ನಟ್ಟು ತಿರುಗಿಸುತ್ತಿದ್ದಾನೆ, ಹೇಳಿಕಳಿಸಿದರೂ ಬಂದಿಲ್ಲ, ಅವಳು ಗೋಡೆಯ ಮೇಲಿನ ಮರಿಯಮ್ಮನ ಪಟದ ಮುಂದೆ ಮಂಡಿಯೂರಿದ್ದಾಳೆ, ತೊಟ್ಟಿಲ ಪಕ್ಕದಲ್ಲಿ ಸ್ಟೂಲು ಹತ್ತಿ ನಿಂತವಳು ಚೂಟಿ, ಎಲ್ಲದಕ್ಕೂ ಮುಂದೆ ಬೀಳುವವಳು ಅಂತ ಅಪ್ಪನೇ ಇಟ್ಟ ಅಡ್ಡಹೆಸರು, ಬಟ್ಟಲಿನ ನೀರಲ್ಲಿ ಬಟ್ಟೆ ಅದ್ದಿ ಹಿಂಡಿ ತಮ್ಮನ ಹಣೆಗಿಡುತ್ತಿದ್ದಾಳೆ, ಹಿಂಡಲು ಬರುವುದಿಲ್ಲ, ನೀರೆಲ್ಲ ತೋಳಿನ ಮೇಲೆ ಹರಿದು ಮೊಣಕೈಯಿಂದ ತೊಟ್ಟಿಕ್ಕುತ್ತಿದೆ, ಕೈ ಹಾಗೇ ಎತ್ತಿಕೊಂಡು ತಿರುಗಿ ಕೇಳುತ್ತಾಳೆ, ಅಮ್ಮಾ, ಇನ್ನೊಂದ್ಸಲ ಒದ್ದೆ ಮಾಡ್ಲಾ? ಆ ಹೊತ್ತಿಗೆ ಅಮ್ಮನ ಬಾಯಲ್ಲಿ ಬೇರೆ ಮಾತಿತ್ತು, ತಾಯೀ, ಇವನನ್ನು ಉಳಿಸು, ಹುಡುಗಿಯನ್ನು ನಿನಗೆ ಕೊಡುತ್ತೇನೆ, ನಿನ್ನ ಮಠಕ್ಕೆ ಕೊಡುತ್ತೇನೆ. ಅಷ್ಟೇ. ಸ್ಟೂಲಿನ ಮೇಲೆ ನಿಂತು ತಮ್ಮನ ಸೇವೆ ಮಾಡುತ್ತಿದ್ದವಳನ್ನು ಅವಳ ತಲೆಯ ಮೇಲಿಂದಲೇ ದಾಟಿಸಿ ಕೊಟ್ಟಾಯಿತು, ಸಂಜೆಗೆ ಜ್ವರ ಇಳಿಯಿತು, ಇಳಿಯದೆ ಇದ್ದಿದ್ದರೆ — ಛೀ, ಇದೆಂಥ ಯೋಚನೆ, ಆದರೆ ಒಗೆಯುವಾಗ ಯಾವ ಕೊಳೆ ಮೇಲೆ ಬರುತ್ತದೆ ಅಂತ ಮೊದಲೇ ಹೇಳಲಾಗುವುದಿಲ್ಲ.

ಹರಕೆ ಹೊತ್ತವಳು ನೀನು, ಕೊಡೋದು ಅವಳನ್ನಾ, ಗಂಡ ಅಂದದ್ದು ಇಷ್ಟೇ, ಅದೂ ಹನ್ನೆರಡು ವರ್ಷ ಕಳೆದು, ಹುಡುಗಿಗೆ ಹದಿನೇಳಾಗಿ ಪೆಟ್ಟಿಗೆ ಕಟ್ಟುವಾಗ, ಆಮೇಲೆ ಅವನು ಆ ವಿಷಯ ಎತ್ತಲಿಲ್ಲ, ಹೆಚ್ಚೇನೂ ಎತ್ತದೆಯೇ ನಾಲ್ಕು ವರ್ಷಕ್ಕೆ ತೀರಿಹೋದ. ಚೂಟಿ ಅಳಲಿಲ್ಲ, ಚಿಕ್ಕಂದಿನಿಂದ ಅಮ್ಮನೇ ಹೇಳಿ ಹೇಳಿ ಬೆಳೆಸಿದ್ದಳಲ್ಲ, ನೀನು ಮರಿಯಮ್ಮನ ಮಗಳು, ನಿನ್ನಿಂದಲೇ ತಮ್ಮ ಬದುಕಿದ್ದು, ಮಗು ಬಿದ್ದು ಮಂಡಿ ತರಚಿಕೊಂಡರೂ ಅದನ್ನೇ ಹೇಳುವುದು, ತಮ್ಮನಿಗೆ ಎರಡು ಏಟು ಕೊಟ್ಟರೂ ಅದನ್ನೇ ಹೇಳುವುದು, ಪಾಪ, ಮನಸ್ಸು ಬಿಚ್ಚಿ ಒಂದು ದಿನ ತಮ್ಮನ ಜೊತೆ ಜಗಳವಾಡಲಿಕ್ಕೂ ಬಿಡಲಿಲ್ಲ. ಆ ತಮ್ಮ, ಮನೆಯಲ್ಲಿ ಮರಿ ಅಂತ ಕರೆಯುವವನು, ಈಗ ಇಪ್ಪತ್ತೆರಡು, ಬೆಳಿಗ್ಗೆ ಮಂಚದಲ್ಲಿ ಬಿದ್ದುಕೊಂಡೇ ಅಮ್ಮಾ ನನ್ನ ಕಾಲುಚೀಲ ಇನ್ನೊಂದೆಲ್ಲಿ ಅಂತ ಕೂಗಿದ, ಕಾಲುಚೀಲ ಅವನ ತಲೆದಿಂಬಿನ ಕೆಳಗೇ ಇತ್ತು, ಸಿಕ್ಕಿತು ಅಂತ ಹೇಳದೆ ಬೈಕು ಏರಿ ಹೋದ, ಫ್ರಿಜ್ಜು ರಿಪೇರಿ ಕೆಲಸ, ಒಳ್ಳೆಯವನೇ, ಕುಡಿಯುವುದಿಲ್ಲ, ಕೆಟ್ಟ ಮಾತಾಡುವುದಿಲ್ಲ, ಒಮ್ಮೆ ಮಾತ್ರ, ನಿನಗೋಸ್ಕರ ಅಕ್ಕ ಅಲ್ಲಿದ್ದಾಳೆ ಕಣೋ, ಭಾನುವಾರನಾದ್ರೂ ಪೂಜೆಗೆ ಬಾರೋ ಅಂದಾಗ, ತಟ್ಟೆಯಿಂದ ತಲೆ ಎತ್ತದೆ ಅಂದ, ನಾನು ಕೇಳಿದ್ನಾ? ಬದುಕಿಸು ಅಂತ ನಾನೇನಾದ್ರೂ ಕೇಳಿದ್ನಾ ಅಮ್ಮಾ? ನನ್ನ ಹೆಸರಲ್ಲಿ ನೀನು ಮಾಡಿದ್ದಕ್ಕೆಲ್ಲ ನನ್ನ ಮುಖ ನೋಡ್ಬೇಡ. ಹೌದು, ಅವನೂ ಕೇಳಿರಲಿಲ್ಲ. ಇಬ್ಬರು ಮಕ್ಕಳು, ಇಬ್ಬರನ್ನೂ ಕೇಳದೆ ಒಬ್ಬರ ಮೇಲೊಬ್ಬರನ್ನು ಹೇರಿದಳು, ಅದಕ್ಕೇ ಜನ ಅವಳನ್ನು ಚರ್ಚಿನ ಮೊದಲ ಸಾಲಿನಲ್ಲಿ ಕೂರಿಸುತ್ತಾರೆ, ಬಲಿಪೀಠದ ಬಟ್ಟೆ ಒಗೆಯುವ ಕೆಲಸ ಕೊಟ್ಟಿದ್ದಾರೆ, ದೇವರಿಗೆ ಮಗಳನ್ನು ಕೊಟ್ಟವಳ ಕೈ ಪವಿತ್ರ ಅಂತೆ.

ಏನೇ, ಬರೆದು ಮುಗೀತಾ ಭಾಷಣ, ಹೂವಿನಕ್ಕ ಬಂದಳು, ಬಲಿಪೀಠಕ್ಕೆ ಹೂ ಜೋಡಿಸುವವಳು, ಬಾಡಿದ ಹೂವಿನ ದಂಟುಗಳನ್ನು ಒಂದು ಕೈಯಲ್ಲಿ, ಕತ್ತರಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು ನಲ್ಲಿಯ ಕಟ್ಟೆಗೆ ಒರಗಿದಳು, ನಿನಗೇನಮ್ಮಾ, ಸ್ವರ್ಗದಲ್ಲಿ ಕಿಟಕಿ ಪಕ್ಕದ ಸೀಟೇ ಹಿಡಿದಿಟ್ಟಿದ್ದೀಯ, ನಾವೆಲ್ಲ ಬಾಗಿಲಲ್ಲಿ ಜೋತಾಡಿಕೊಂಡು ಬರಬೇಕು. ಅವಳ ನಾಲಗೆಯೂ ಕತ್ತರಿಯ ಹಾಗೇ, ಆದರೆ ಕತ್ತರಿಸಬೇಕಾದ್ದನ್ನು ಮಾತ್ರ ಕತ್ತರಿಸುತ್ತದೆ, ಅವಳ ಮಗಳು ಬಣ್ಣ ಬಳಿಯುವವನ ಜೊತೆ ಓಡಿಹೋದವಳು, ಆಗ ಇಡೀ ಸಂಘ ಮೂಗಿನ ಮೇಲೆ ಬೆರಳಿಟ್ಟಿತ್ತು, ಇವಳೂ ಇಟ್ಟಿದ್ದಳು, ಸುಳ್ಳೇಕೆ. ಹೇಗಿದ್ದಾಳೆ ನಿನ್ನ ಮಗಳು ಅಂತ ಇವತ್ತು ಯಾಕೋ ಇವಳೇ ಕೇಳಿದಳು. ಹೇಗಿರ್ತಾಳೆ, ವರ್ಷಕ್ಕೆ ಎರಡು ಸಲ ಬರ್ತಾಳೆ, ಬಂದ ದಿನವೇ ಜಗಳ, ನನ್ನ ಡಬ್ಬಗಳನ್ನೆಲ್ಲ ಅಡ್ಡಾದಿಡ್ಡಿ ಇಟ್ಟು ಹೋಗ್ತಾಳೆ, ಆಮೇಲೆ ಒಂದು ವಾರ ಉಪ್ಪೆಲ್ಲಿ ಸಕ್ಕರೆಯೆಲ್ಲಿ ಅಂತ ಹುಡುಕ್ತೀನಿ. ಹೂವಿನಕ್ಕ ದಂಟುಗಳನ್ನು ಕಸದ ಬುಟ್ಟಿಗೆ ಹಾಕಿದಳು, ಹೊರಟವಳು ತಿರುಗಿ ಅಂದಳು, ನನ್ನ ಮಗಳು ಓಡಿಹೋದಳು, ನಿನ್ನ ಮಗಳು ಒಳಗೆ ಹೋದಳು, ಎರಡು ಮನೇಲೂ ಒಂದು ತಟ್ಟೆ ಕಮ್ಮಿನೇ ಕಣೇ, ಆದ್ರೆ ನನ್ನ ಮನೇಲಿ ಆ ತಟ್ಟೆ ಆಗಾಗ ತೊಳೆಯೋಕೆ ಬೀಳುತ್ತೆ. ಹೋದಳು. ಬೇಕೆಂದು ಚುಚ್ಚಿದ್ದಲ್ಲ, ಚುಚ್ಚಿದ್ದರೆ ಕಿತ್ತು ಎಸೆಯಬಹುದಿತ್ತು. ಉಪ್ಪೆಲ್ಲಿ ಸಕ್ಕರೆಯೆಲ್ಲಿ — ಅವಳ ಮನೆಯ ಡಬ್ಬಗಳು ಹತ್ತು ವರ್ಷದಿಂದ ಇಟ್ಟಲ್ಲೇ ಇವೆ.

ಮೂರನೆಯ ನೀರು, ಗಂಜಿ, ನೆರಳಲ್ಲಿ ಅರ್ಧ ಒಣಗಿದ ಮೇಲೆ ಇಸ್ತ್ರಿ, ನಿನ್ನೆ ಒಗೆದವು ಒಣಗಿ ಕಾದಿವೆ, ಅವಳು ಬಲಿಪೀಠದ ಹಿಂದಿನ ಕೋಣೆಗೆ ಬಂದು ಮೇಜಿನ ಮುಂದೆ ನಿಂತಳು, ಚೌಕದ ಬಟ್ಟೆಯನ್ನು ಎಡದಿಂದ ಒಳಕ್ಕೆ, ಬಲದಿಂದ ಒಳಕ್ಕೆ, ಕೆಳಗಿನಿಂದ, ಮೇಲಿನಿಂದ, ಒಂಬತ್ತು ಮನೆ, ಚೂರು ಬಿದ್ದರೂ ಒಳಗೇ ಉಳಿಯಬೇಕು, ಹೊರಗೆ ಚೆಲ್ಲಬಾರದು, ಹಾಗೇ ಬದುಕಿದ್ದಾಯಿತು, ಎಲ್ಲವನ್ನೂ ಒಳಮುಖವಾಗಿ ಮಡಿಸಿ. ಚೂಟಿಯ ಆ ಕಾಗದವನ್ನೂ ಮಡಿಸಿಯೇ ಇಟ್ಟಳು, ಮೂರು ವರ್ಷ, ಕುಕ್ಕರಿನ ಗ್ಯಾರಂಟಿ ಚೀಟಿಯ ಕವರಿನೊಳಗೆ, ಮರಿ ಜನ್ಮದಲ್ಲಿ ಕೈಹಾಕದ ಜಾಗ. ಅದಕ್ಕೆ ಮೊದಲು ಬಂದ ಕಾಗದಗಳನ್ನೆಲ್ಲ ಫಾದರ್ ಓದಿ ಹೇಳುತ್ತಿದ್ದರು, ಕ್ಷೇಮ, ತೋಟದ ಕೆಲಸ, ಅಡುಗೆಮನೆ ಪಾಳಿ, ನಿಮ್ಮ ಪ್ರಾರ್ಥನೆ ಬೇಡುವೆ, ಎಲ್ಲ ಒಂದೇ ಅಚ್ಚು, ಆಮೇಲೆ ಅವಳು ಐವತ್ತರ ವಯಸ್ಸಿನಲ್ಲಿ ಸಂಜೆ ಶಾಲೆಗೆ ಹೋಗಿ ಅಕ್ಷರ ಕಲಿತಳು, ಮಗಳ ಕಾಗದವನ್ನು ತಾನೇ ಓದಬೇಕು ಅನ್ನುವ ಒಂದೇ ಹಟಕ್ಕೆ, ಕಲಿತು ಮೊದಲು ಬರೆದದ್ದೇ ಅವಳಿಗೆ, ಮಗಳೇ ಇನ್ನು ನಾನೇ ಓದುವೆ ಯಾರೂ ಓದಿ ಹೇಳುವುದು ಬೇಡ. ಆಗ ಬಂತು ನಿಜವಾದ ಕಾಗದ. ಅಮ್ಮಾ, ನೀನೇ ಓದುತ್ತೀಯ ಅಂತ ಗೊತ್ತಾದ ಮೇಲೆ ಬರೆಯುತ್ತಿದ್ದೇನೆ. ಪ್ರತಿ ವರ್ಷ ವ್ರತ ಹೊಸದು ಮಾಡುವಾಗ ಮದರ್ ಕೇಳುತ್ತಾರೆ, ಸ್ವಂತ ಇಷ್ಟದಿಂದ ಇದ್ದೀಯಾ ಅಂತ. ಹೌದು ಅನ್ನುತ್ತೇನೆ. ಅದು ಸುಳ್ಳು. ನೀನು ಮಾತು ಕೊಟ್ಟಿದ್ದೀಯ ಅಂತ ಇದ್ದೇನೆ. ಹರಕೆ ತೀರಿತು ಅಂತ ನೀನು ಒಂದು ಸಾಲು ಬರೆದರೆ ಬರುತ್ತೇನೆ, ಬರೆಯದಿದ್ದರೆ ನಾನು ಇಲ್ಲೇ ಇರಲಿ ಅಂತ ನಿನ್ನ ಆಸೆ ಅಂದುಕೊಳ್ಳುತ್ತೇನೆ. ಮಠದ ವಿಳಾಸಕ್ಕೆ ಬರೆಯಬೇಡ, ಅಲ್ಲಿ ಒಡೆದು ಓದಿ ಕೊಡುತ್ತಾರೆ, ಫೋನೂ ಮದರ್ ಮೇಜಿನ ಮೇಲಿದೆ, ಹೊಲಿಗೆ ಕಲಿಯಲು ಬರುವ ಅಕ್ಕನ ವಿಳಾಸ ಕೆಳಗಿದೆ.

ಒಂದೊಂದೇ ಅಕ್ಷರ ಕೂಡಿಸಿ ಓದಿದ್ದಳು, ಬೆರಳಿಟ್ಟು, ಓದಲು ಕಲಿತದ್ದಕ್ಕೆ ಸಿಕ್ಕ ಬಹುಮಾನ, ಬರೆಯದಿದ್ದರೆ ಅನ್ನುವಲ್ಲಿಗೆ ಬಂದು ಬೆರಳು ನಿಂತಿತ್ತು. ಬರೆಯಲಿಲ್ಲ. ಯಾಕೆ ಬರೆಯಲಿಲ್ಲ, ಕೈ ಬರುತ್ತಿರಲಿಲ್ಲವೇ, ಬರುತ್ತಿತ್ತು, ಆದರೆ ಪ್ರವಚನದಲ್ಲಿ ಕೇಳಿದ್ದಳಲ್ಲ, ಮರಿಯಮ್ಮ ಎಲ್ಲವನ್ನೂ ಮನಸ್ಸಿನಲ್ಲೇ ಇಟ್ಟುಕೊಂಡಳು, ಬಾಯಿ ಬಿಡಲಿಲ್ಲ, ಅದೇ ತಾಯಿಯ ಲಕ್ಷಣ ಅಂತ, ಅವಳೂ ಇಟ್ಟುಕೊಂಡಳು, ಜಪಸರ ಹಿಡಿದು ಆ ಒಂದು ಸಾಲನ್ನೇ ನುಂಗಿಕೊಂಡು ಕೂತಳು, ತನ್ನ ಮೌನವನ್ನು ಮರಿಯಮ್ಮನ ಮೌನ ಅಂದುಕೊಂಡಳು, ಎಂಥ ಪೆದ್ದಿ, ಅಲ್ಲ, ಪೆದ್ದಿಯಲ್ಲ, ಕಳ್ಳಿ, ನಿಜ ಬೇರೆಯೇ ಇತ್ತು, ಹುಡುಗಿಯನ್ನು ವಾಪಸು ತಂದರೆ ಹುಡುಗನನ್ನು ವಾಪಸು ಕೇಳುತ್ತಾಳೇನೋ ಅನ್ನುವ ಭಯ, ಗೋಡೆಯ ಮೇಲಿನ ಪಟದ ಆ ನೀಲಿಯವಳು, ಮರಿಯ ಬೈಕು ಅರ್ಧ ಗಂಟೆ ತಡವಾದರೆ ಸಾಕು, ಬಾಗಿಲಿಗೂ ಬೀದಿಗೂ ಓಡಾಡುತ್ತಾ ಇಲ್ಲ ತಾಯೀ, ನಾನು ಬರೆದಿಲ್ಲ, ನಾನು ಬರೆಯುವುದಿಲ್ಲ, ಹಾಗೆ ಮೂರು ವರ್ಷ ಒಬ್ಬಳನ್ನು ಅಡವಿಟ್ಟು ಇನ್ನೊಬ್ಬನ ಉಸಿರು ಎಣಿಸಿದಳು. ಮತ್ತೆ ಮೊದಲ ಸಾಲಿನ ಆಸನ, ಅದೂ ಇತ್ತು, ಇಲ್ಲ ಅನ್ನಲಾರಳು. ಮಠ ಬಿಟ್ಟು ಬಂದವಳ ತಾಯಿಯನ್ನು ಯಾವ ಸಾಲಿನಲ್ಲಿ ಕೂರಿಸುತ್ತಾರೆ, ಈ ಬಟ್ಟೆಗಳನ್ನು ಮುಟ್ಟಲು ಬಿಡುತ್ತಾರೆಯೇ.

ಬಿಳಿ ಹಾಳೆ. ಪೆನ್ನು. ಮಾನ್ಯ ತಾಯಂದಿರೇ, ಅಂತ ಬರೆದಳು, ಅಕ್ಷರ ದುಂಡಗೆ ಬಂತು, ಏನು ಬರೆಯಲಿ, ಜಪಸರ ತೆಗೆದಳು, ಸಂತೋಷದ ಐದು ರಹಸ್ಯಗಳು ಇವೆಯಲ್ಲ, ಮರಿಯಮ್ಮನ ಬದುಕಿನ ಐದು ಕಥೆ, ಅವನ್ನೇ ಒಂದೊಂದಾಗಿ ಹೇಳಿದರೆ ಐದು ನಿಮಿಷ ಹೋಗುತ್ತದೆ, ಮೊದಲನೆಯದು ದೇವದೂತ ಬಂದದ್ದು, ಬಂದು ಹೇಳಿದ, ನೀನು ದೇವರ ಮಗನನ್ನು ಹೆರುತ್ತೀಯ ಅಂತ, ಅವಳು ಅದು ಹೇಗಾದೀತು ಅಂದಳು, ಅವನು ವಿವರಿಸಿದ, ಅವಳು ಆಗಲಿ ಅಂದಳು — ಪೆನ್ನು ನಿಂತಿತು, ಆಗಲಿ ಅಂದಳು, ಅಂದರೆ ಅವಳು ಹೂಂ ಅನ್ನುವ ತನಕ ದೇವರು ಕಾದ. ದೇವರೇ ಕಾದ. ಒಂದು ಹಳ್ಳಿಯ ಹುಡುಗಿಯ ಬಾಯಿ ನೋಡಿಕೊಂಡು. ಇವಳು ಕಾದಳೇ? ಸ್ಟೂಲಿನ ಮೇಲೆ ನಿಂತವಳು ಕೈ ಎತ್ತಿಕೊಂಡು ಕೇಳುತ್ತಲೇ ಇದ್ದಳು, ಇನ್ನೊಂದ್ಸಲ ಒದ್ದೆ ಮಾಡ್ಲಾ, ಇನ್ನೊಂದ್ಸಲ ಒದ್ದೆ ಮಾಡ್ಲಾ, ಮೊಣಕೈಯಲ್ಲಿ ಹನಿ. ಎರಡು, ಮೂರು, ನಾಲ್ಕು, ಮಣಿಗಳು ತಾವಾಗಿಯೇ ಜಾರಿದವು, ಐದನೆಯದು ಮರಿಯಮ್ಮನ ಮಗ ಕಳೆದುಹೋದದ್ದು, ಹನ್ನೆರಡು ವರ್ಷದವನು, ಮೂರು ದಿನ ಹುಡುಕಿದಳು, ದೇವಾಲಯದಲ್ಲಿ ಸಿಕ್ಕಿದ, ಪಂಡಿತರ ನಡುವೆ ಕೂತಿದ್ದ, ನಾನು ನನ್ನ ತಂದೆಯ ಮನೆಯಲ್ಲಿರಬೇಕು ಅಂದ, ಎಂಥ ಒಳ್ಳೆಯ ಅವಕಾಶ, ಇವಳಾಗಿದ್ದರೆ ಕೈಮುಗಿದು ಅಲ್ಲೇ ಬಿಟ್ಟು ಬಂದು ಮೊದಲ ಸಾಲಿನಲ್ಲಿ ಕೂರುತ್ತಿದ್ದಳು, ಮರಿಯಮ್ಮ ಏನು ಮಾಡಿದಳು? ಬೈದಳು. ಮಗನೇ, ನಮಗೆ ಹೀಗೇಕೆ ಮಾಡಿದೆ, ಎಷ್ಟು ಹುಡುಕಿದೆವು ಅಂತ ಎಲ್ಲರೆದುರಿಗೆ ಬೈದು ಮನೆಗೆ ಕರೆದುಕೊಂಡು ಹೋದಳು. ದೇವಾಲಯದಿಂದ. ಮನೆಗೆ. ಎಷ್ಟು ಸಾವಿರ ಸಲ ಈ ಮಣಿ ಬೆರಳಡಿ ಹೋಗಿದೆ, ನಾಲ್ಕು ಗೋಡೆಗೂ ಕೇಳುವ ಹಾಗೆ ಹೇಳಿದ್ದಾಳೆ, ತನ್ನ ಕಿವಿಗೇ ಬಿದ್ದಿರಲಿಲ್ಲ. ಭಕ್ತಿ ಭಕ್ತಿ ಅಂತ ಹತ್ತು ವರ್ಷ ನಿನ್ನ ಮೇಲುವಸ್ತ್ರ ಒಗೆದೆನಲ್ಲ ತಾಯೀ, ನೀನು ಮಾಡಿದ್ದೊಂದನ್ನೂ ಮಾಡಲಿಲ್ಲವಲ್ಲ.

ಮಾನ್ಯ ತಾಯಂದಿರೇ ಅಂದದ್ದನ್ನು ಹೊಡೆದು ಹಾಕಲಿಲ್ಲ, ಆ ಹಾಳೆ ಪಕ್ಕಕ್ಕಿಟ್ಟು ಇನ್ನೊಂದು ಹಾಳೆ ತೆಗೆದುಕೊಂಡಳು. ಚೂಟಿ, ಹರಕೆ ನನ್ನದು, ನಿನ್ನದಲ್ಲ. ಅವತ್ತು ನಿನ್ನನ್ನು ಕೇಳಲಿಲ್ಲ. ಮೂರು ವರ್ಷ ಉತ್ತರ ಕೊಡದೆ ಇದ್ದದ್ದು ಆಸೆಯಿಂದಲ್ಲ, ಹೆದರಿ. ಈಗ ಕೇಳುತ್ತಿದ್ದೇನೆ, ನಿನಗೆ ಏನು ಬೇಕು? ಇರಬೇಕು ಅನ್ನಿಸಿದರೆ ಇರು, ನನಗಾಗಿ ಇರಬೇಡ. ಬರುವುದಾದರೆ ಶನಿವಾರಕ್ಕೆ ಮೊದಲೇ ಬಾ. ಶನಿವಾರ ನಾನು ನಿನ್ನ ಕೈಹಿಡಿದು ನಡೆಸುವುದಿಲ್ಲ, ಅದು ನನ್ನಿಂದಾಗದು. ನನ್ನನ್ನು ಕ್ಷಮಿಸು ಅಂತ ಬರೆಯಲು ಹೋಗಿ ಬಿಟ್ಟಳು, ಅದನ್ನೂ ಕೇಳಿ ಆ ಹುಡುಗಿಯ ಮೇಲೆ ಇನ್ನೊಂದು ಹೊರೆ ಹಾಕುವುದೇ. ಬದಲಿಗೆ ಬರೆದಳು, ಡಬ್ಬಗಳೆಲ್ಲ ಇಟ್ಟಲ್ಲೇ ಇವೆ. ಅಭ್ಯಾಸಬಲದಿಂದ ಹಾಳೆಯನ್ನು ಒಂಬತ್ತು ಮನೆ ಮಡಿಸಿದಳು, ಫಾದರ್ ಕೊಟ್ಟ ಲಕೋಟೆಗೆ ಹಾಕಿದಳು, ಹೊಲಿಗೆಯಕ್ಕನ ವಿಳಾಸ ಬಾಯಿಪಾಠವಿತ್ತು, ಬರೆದಳು, ಇಸ್ತ್ರಿಪೆಟ್ಟಿಗೆಯ ತಂತಿ ಕಿತ್ತಿಟ್ಟು ಹೊರಗೆ ಬಂದಳು, ಬಾಗಿಲಲ್ಲಿ ಫಾದರ್ ಎದುರಾದರು, ಬರೆದಿರಾ ಅಮ್ಮಾ ಅಂದರು, ಲಕೋಟೆ ನೋಡಿ ಕೈ ಚಾಚಿದರು. ಬರೆದೆ ಫಾದರ್, ಇದು ನಿಮಗಲ್ಲ. ಹಾಗಾದ್ರೆ ಸಂಜೆ? ಸಂಜೆ ಬೇರೆ ಯಾರಾದ್ರೂ ಮಾತಾಡಲಿ, ಹೂವಿನಕ್ಕನ್ನ ಕೇಳಿ, ಅವಳ ಮನೆಗೆ ಮಗಳು ಬರ್ತಾಳೆ. ಅವರು ಏನೋ ಅಂದರು, ಅವಳು ಆಗಲೇ ಮೆಟ್ಟಿಲಿಳಿದಿದ್ದಳು, ಈ ಮೆಟ್ಟಿಲು ಇನ್ನೆಷ್ಟು ದಿನ ಹತ್ತಗೊಡುತ್ತಾರೋ, ಹೋಗಲಿ.

ಅಂಚೆ ಕಚೇರಿಯಲ್ಲಿ ನಾಲ್ಕು ಜನ, ನಿಂತಳು, ಕಿಂಡಿಯ ಹಿಂದಿನವನು ಲಕೋಟೆ ತೂಗಿ ಕನ್ನಡಕದ ಮೇಲಿಂದ ನೋಡಿದ, ಮಾಮೂಲಾ, ಅರ್ಜೆಂಟಾ? ಮೂರು ವರ್ಷ ಮಾಮೂಲಾಗಿತ್ತು ಸ್ವಾಮಿ, ಇವತ್ತು ಅರ್ಜೆಂಟು, ಅಂತ ಮನಸ್ಸಿನಲ್ಲಿ ಅಂದುಕೊಂಡು ಅರ್ಜೆಂಟು ಅಂದಳು, ಶನಿವಾರದೊಳಗೆ ಸೇರುತ್ತಾ, ಮುಂದಿನ ಶನಿವಾರ. ಸೇರಬೇಕಮ್ಮಾ, ಮೂರು ದಿನ, ಹೆಚ್ಚು ಅಂದ್ರೆ ನಾಲ್ಕು, ಅದು ಅಂಚೆ ಕೈಲಿರೋದು, ಆಮೇಲೆ ಅವರು ಒಡೆದು ಓದೋದು ನನ್ನ ಕೈಲಿಲ್ಲ. ನನ್ನ ಕೈಲೂ ಇಲ್ಲ, ಅಂದಳು ಅವಳು. ಅವನು ಅಂಟಿಸಬೇಕಾದ್ದನ್ನು ಅಂಟಿಸಿ, ಸರಿ ನೋಡ್ಕೊಳ್ಳಿ ವಿಳಾಸ ಅಂತ ಲಕೋಟೆಯನ್ನು ಮತ್ತೆ ಅವಳತ್ತ ತಳ್ಳಿದ, ಅವಳು ಬೆರಳಿಟ್ಟು ಒಂದೊಂದೇ ಅಕ್ಷರ ಓದಿದಳು, ಅಷ್ಟರಲ್ಲಿ ಹೊರಗೆ ಬೀದಿಯಲ್ಲಿ ಬ್ರೇಕು ಕಿರ್ರೆಂದಿತು, ಬೈಕಿನದೇ, ಏನೋ ಬಿದ್ದ ಸದ್ದು, ಯಾರೋ ಅಯ್ಯೋ ಅಂದರು, ಬಂದಳು, ಆ ನೀಲಿಯವಳು, ಮರಿಯನ್ನು ವಾಪಸು ಕೇಳಲು ಬಂದೇಬಿಟ್ಟಳು, ಲಕೋಟೆ ಇನ್ನೂ ಕೈಯಲ್ಲಿದೆ, ಹರಿದರೆ ಹರಿಯಬಹುದು, ತಿರುಗಿ ನೋಡಿದರೆ ಹರಿಯುತ್ತಾಳೆ, ಅದು ಅವಳಿಗೆ ಗೊತ್ತು, ಹಿಂದೆ ನಿಂತವರೆಲ್ಲ ಬಾಗಿಲಿಗೆ ಓಡಿದರು, ಕಿಂಡಿಯವನೂ ಕತ್ತು ಚಾಚಿದ, ಅವಳು ತಿರುಗಲಿಲ್ಲ, ಎರಡೂ ಕೈಯಿಂದ ಲಕೋಟೆಯನ್ನು ಕಿಂಡಿಯೊಳಕ್ಕೆ ತಳ್ಳಿದಳು, ಬೇಗ ಹಾಕಿಬಿಡಪ್ಪಾ ಅಂದಳು, ಠಪ್ ಅಂತ ಮುದ್ರೆ ಬಿತ್ತು, ಚೀಲಕ್ಕೆ ಬಿತ್ತು, ಹೊರಗೆ ಯಾರೋ ಯಾರನ್ನೋ ಬೈಯುವ ಸದ್ದು, ಬೈಯುತ್ತಿದ್ದಾರೆ ಅಂದರೆ ಯಾರೂ ಸತ್ತಿಲ್ಲ, ಬೇರೆ ಯಾರದೋ ಮಗ, ಇರಬಹುದು, ಅವಳ ಕಾಲು ಮಾತ್ರ ಅಲ್ಲಿಂದ ಕದಲಲಿಲ್ಲ, ಕಿಂಡಿಯ ಕಟ್ಟೆಯ ಮೇಲೆ ಎರಡೂ ಕೈ ಖಾಲಿ, ಕಿಂಡಿಯವನು ಏನೋ ಹೇಳುತ್ತಿದ್ದಾನೆ, ರಸೀದಿ ಅಮ್ಮಾ, ರಸೀದಿ, ಅವಳಿಗೆ ಕೇಳಿಸುತ್ತಿಲ್ಲ, ತಗಡಿನ ಮಾಡು, ಬಿಸಿಲು, ಸ್ಟೂಲಿನ ಮೇಲೆ ತಿರುಗಿ ನಿಂತ ಮುಖ, ಎತ್ತಿದ ತೆಳ್ಳನೆಯ ತೋಳು, ಮಣಿಕಟ್ಟಿನಿಂದ ಇಳಿದು ಬಂದ ನೀರು, ಮೊಣಕೈ, ಮೊಣಕೈಯ ತುದಿಯಲ್ಲಿ ಆ ಹನಿ, ಇನ್ನೂ ಬಿದ್ದಿಲ್ಲ